ಬ್ಯಾಕ್ಟೀರಿಯಾದ ವೈರಸ್ಸು ನನ್ನ ಮಗನಿಗೆ ಜೀನ್ ಹೊತ್ತು ತರುತ್ತದಾ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಈಗ ಏಳು ವರ್ಷ. ಹೋದ ವರ್ಷ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ಸವೆಯುತ್ತಾ ಹೋಗುವ ಹುಟ್ಟುರೋಗ, ಎಂದು ಗೊತ್ತಾಯಿತು. ಬ್ಯಾಕ್ಟೀರಿಯಾವನ್ನು ಹಿಡಿಯುವ ವೈರಸ್ಸಿನೊಳಗೆ, ಈ ರೋಗದಲ್ಲಿ ಕೆಟ್ಟಿರುವ ಡಿಸ್ಟ್ರೋಫಿನ್ ಎಂಬ ಜೀನನ್ನು ಪೂರ್ತಿಯಾಗಿ ತುಂಬಿ ಮನುಷ್ಯರ ಜೀವಕೋಶಕ್ಕೆ ಕಳಿಸಿದ್ದಾರೆ ಎಂದು ನನ್ನ ತಮ್ಮ ಒಂದು ವಿಡಿಯೋ ತೋರಿಸಿದ. ಇದು ನಿಜವಾ? ನಮ್ಮ ಹುಡುಗನಿಗೆ ಯಾವಾಗ ಸಿಗಬಹುದು? ನಮ್ಮ ಅತ್ತೆಗೆ ವೈರಸ್ ಎಂದರೇ ಭಯ, "ಮಗುವಿನ ಮೈಯೊಳಗೆ ವೈರಸ್ ಬಿಡ್ತಾರಾ?" ಎಂದು ಕೇಳುತ್ತಾರೆ. ಹೊರದೇಶದ ಒಂದು ಕ್ಲಿನಿಕ್‌ನವರು ಡುಶೆನ್‌ಗೆ ಫೇಜ್ ಚಿಕಿತ್ಸೆ (ಬ್ಯಾಕ್ಟೀರಿಯಾ ಹಿಡಿಯುವ ಆ ವೈರಸ್ಸಿಗೇ ಫೇಜ್ ಎನ್ನುತ್ತಾರಂತೆ) ಕೊಡುತ್ತೇವೆ, ಮುಂಗಡ ಕಟ್ಟಿ ಎನ್ನುತ್ತಿದ್ದಾರೆ. ಕಟ್ಟಬಹುದಾ? (ದಾವಣಗೆರೆಯ ಒಬ್ಬ ತಾಯಿ)

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆ. ದುಡ್ಡು ಕಟ್ಟಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ, ಇದನ್ನು ಮಾತ್ರ ಇವತ್ತೇ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ. ಡುಶೆನ್‌ಗೆ ಫೇಜ್ ಚಿಕಿತ್ಸೆ ಎಂದು ಯಾವ ದೇಶದಲ್ಲೂ ಒಪ್ಪಿಗೆ ಸಿಕ್ಕಿರುವುದು ಇಲ್ಲ. ಯಾರಾದರೂ ಇದೆ ಎಂದರೆ ಅವರು ನಿಮ್ಮ ಸಂಕಟವನ್ನು ಮಾರಿಕೊಳ್ಳುತ್ತಿದ್ದಾರೆ.

ಈಗ ವಿಡಿಯೋದ ವಿಷಯ. ಆ ಸುದ್ದಿ ನಿಜ. 2023ರಲ್ಲಿ ವಾಷಿಂಗ್ಟನ್‌ನ ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕದಲ್ಲಿ ವೆನಿಗಳ್ಳ ರಾವ್ ಅವರ ತಂಡ ಆ ಕೆಲಸ ಮಾಡಿತು. ರಾವ್ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿದವರು, ಆಮೇಲೆ ಇಡೀ ಬದುಕನ್ನು ಟಿ4 ಎಂಬ ಒಂದೇ ಫೇಜ್ ಅರ್ಥ ಮಾಡಿಕೊಳ್ಳಲು ಕೊಟ್ಟವರು. ಆದರೆ ವಿಡಿಯೋದಲ್ಲಿ ಬಿಟ್ಟಿರಬಹುದಾದ ಒಂದು ಮಾತಿದೆ. ಆ ಕೆಲಸ ನಡೆದದ್ದು ಲ್ಯಾಬಿನ ಪ್ಲೇಟಿನಲ್ಲಿ ಬೆಳೆಸಿದ ಮಾನವ ಜೀವಕೋಶಗಳ ಮೇಲೆ. ಮಗುವಿನ ಮೇಲಲ್ಲ. ಪ್ಲೇಟಿನಿಂದ ಮಗುವಿನ ತೊಡೆಯ ಸ್ನಾಯುವಿನವರೆಗೆ ದಾರಿ ಬಹಳ ಉದ್ದ ಇದೆ, ಆ ದಾರಿಯಲ್ಲಿ ಏನೇನಿದೆ ಎಂದು ನಿಮಗೆ ತೋರಿಸಬೇಕು ಎಂದೇ ಇಷ್ಟು ಬರೆಯುತ್ತಿದ್ದೇನೆ.

ಅತ್ತೆಯವರ ಭಯದಿಂದ ಶುರು ಮಾಡುತ್ತೇನೆ, ಏಕೆಂದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಫೇಜ್ ಎಂದರೆ ಬ್ಯಾಕ್ಟೀರಿಯಾಕ್ಕೆ ಮಾತ್ರ ಅಂಟುವ ವೈರಸ್. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನಲ್ಲಿ ಫೆಲಿಕ್ಸ್ ಡಿ ಹೆರೆಲ್, ಇಬ್ಬರೂ ಬೇರೆ ಬೇರೆಯಾಗಿ ಇದನ್ನು ಕಂಡರು. ನಾನು ದಿನವೂ ನೋಡುವ ವಸ್ತು ಇದು. ಒಂದು ಫ್ಲಾಸ್ಕ್‌ನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಸಿದರೆ ದ್ರವ ಗಂಜಿನೀರಿನ ಹಾಗೆ ಬೆಳ್ಳಗೆ ಕದಡಿರುತ್ತದೆ. ಅದಕ್ಕೆ ಟಿ4 ಹಾಕಿ 37 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಟ್ಟರೆ ಕೆಲವು ಗಂಟೆಗಳಲ್ಲಿ ಆ ಬಿಳುಪು ಕರಗಿಹೋಗುತ್ತದೆ. ಫ್ಲಾಸ್ಕ್ ಎತ್ತಿ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ, ಒಳಗೆ ಒಡೆದ ಬ್ಯಾಕ್ಟೀರಿಯಾದ ಲೋಳೆ ಎಳೆಗಳು ತೇಲುತ್ತಿರುತ್ತವೆ, ಅಷ್ಟೇ. ಅದೇ ಫೇಜನ್ನು ಮನುಷ್ಯರ ಜೀವಕೋಶದ ಪ್ಲೇಟಿಗೆ ಹಾಕಿ. ಮಾರನೇ ದಿನ ನೋಡಿದರೂ ಕೋಶಗಳು ಹಾಯಾಗಿ ಬೆಳೆಯುತ್ತಿರುತ್ತವೆ. ಫೇಜಿನ ಕಾಲುಗಳು ಬ್ಯಾಕ್ಟೀರಿಯಾದ ಮೈಮೇಲಿನ ಗುರುತುಗಳನ್ನು ಹುಡುಕುತ್ತವೆ, ನಮ್ಮ ಕೋಶದ ಮೇಲೆ ಆ ಗುರುತುಗಳೇ ಇಲ್ಲ.

ಇನ್ನೊಂದು ವಿಷಯ ಅತ್ತೆಗೆ ಹೇಳಿ. ಅವರ ಹೊಟ್ಟೆಯೊಳಗೆ, ನನ್ನ ಹೊಟ್ಟೆಯೊಳಗೆ, ಮಗುವಿನ ಹೊಟ್ಟೆಯೊಳಗೆ ಈಗಲೇ ಲೆಕ್ಕವಿಲ್ಲದಷ್ಟು ಫೇಜ್‌ಗಳಿವೆ. ಕರುಳಿನ ಗೋಡೆ ದಾಟಿ ದಿನಕ್ಕೆ ಸುಮಾರು 3100 ಕೋಟಿ ಫೇಜ್‌ಗಳು ನಮ್ಮ ಮೈಯೊಳಗೆ ಬರುತ್ತವೆ ಎಂದು 2017ರಲ್ಲಿ ಒಂದು ಅಂದಾಜು ಪ್ರಕಟವಾಗಿದೆ. ಅಷ್ಟೇ ಅಲ್ಲ, ಫೈಎಕ್ಸ್174 ಎಂಬ ಒಂದು ಫೇಜನ್ನು ರೋಗನಿರೋಧಕ ಶಕ್ತಿ ಕಡಿಮೆ ಇರುವ ರೋಗಿಗಳ ರಕ್ತನಾಳಕ್ಕೇ ಕೊಟ್ಟು ಅವರ ದೇಹ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ನೋಡುವ ಪರೀಕ್ಷೆ ಅಮೆರಿಕದಲ್ಲಿ ದಶಕಗಳಿಂದ ಇದೆ. ಮಕ್ಕಳಿಗೂ ಕೊಟ್ಟಿದ್ದಾರೆ. ಆದ್ದರಿಂದ ವೈರಸ್ ಎಂಬ ಪದ ಕೇಳಿ ಕೊರೊನಾವನ್ನು ನೆನೆಯಬೇಕಾಗಿಲ್ಲ.

ಹಾಗಂತ ಫೇಜ್ ಎಲ್ಲವೂ ಸಾಧು ಎಂದು ನಾನು ಹೇಳುವುದಿಲ್ಲ. ಕಾಲರಾ ಬರಿಸುವ ವಿಷದ ಜೀನ್ ಇದೆಯಲ್ಲ, ಅದನ್ನು ಆ ಬ್ಯಾಕ್ಟೀರಿಯಾಕ್ಕೆ ತಂದುಕೊಟ್ಟದ್ದೇ ಒಂದು ಫೇಜ್. 1996ರಲ್ಲಿ ಇದು ಗೊತ್ತಾಯಿತು. ಡಿಫ್ತೀರಿಯಾದ ಕತೆಯೂ ಹೀಗೇ. ಅಂದರೆ ಒಂದು ಕಡೆಯ ಜೀನನ್ನು ಇನ್ನೊಂದು ಕಡೆಗೆ ಸಾಗಿಸುವುದು ಫೇಜಿನ ಹುಟ್ಟುಗುಣ. ಔಷಧಕ್ಕೆ ಬಳಸುವಾಗ ಯಾವ ಫೇಜಿನಲ್ಲಿ ಏನಿದೆ ಎಂದು ಅಕ್ಷರ ಅಕ್ಷರ ಓದಿಯೇ ಮುಂದೆ ಹೋಗುತ್ತಾರೆ. ಆ ಸಾಗಿಸುವ ಗುಣವನ್ನೇ ಈಗ ನಮಗೆ ಬೇಕಾದ ಹಾಗೆ ತಿರುಗಿಸಲು ನೋಡುತ್ತಿರುವುದು.

ಡುಶೆನ್‌ಗೆ ಇದು ಯಾಕೆ ಬೇಕಾಯಿತು? ತೊಂದರೆ ಇರುವುದು ಜೀನಿನ ಗಾತ್ರದಲ್ಲಿ. ಡಿಸ್ಟ್ರೋಫಿನ್ ನಮ್ಮ ಮೈಯಲ್ಲಿರುವ ಅತಿ ದೊಡ್ಡ ಜೀನ್‌ಗಳಲ್ಲಿ ಒಂದು. ನಮ್ಮ ಮೈಯಲ್ಲಿರುವ ರೂಪದಲ್ಲಿ ಅದು ಡಿಎನ್‌ಎಯ 22 ಲಕ್ಷ ಅಕ್ಷರಕ್ಕೂ ಉದ್ದ, ಪ್ರೋಟೀನಿಗೆ ಬೇಕಾದ ಬರಹ ಅದರಲ್ಲಿ 79 ತುಂಡುಗಳಾಗಿ ಹರಡಿಕೊಂಡಿದೆ. ಆ ತುಂಡುಗಳಿಗೆ ಎಕ್ಸಾನ್ ಎನ್ನುತ್ತಾರೆ. ಪ್ರೋಟೀನ್ ತಯಾರಿಸಲು ಬೇಕಾದ ಭಾಗವನ್ನಷ್ಟೇ ಜೋಡಿಸಿದರೂ 11 ಸಾವಿರ ಅಕ್ಷರ ಆಗುತ್ತದೆ, ವಿಡಿಯೋದವರು ಪೂರ್ತಿ ಜೀನ್ ಎಂದದ್ದು ಇದನ್ನೇ. ಈಗ ಜೀನ್ ಚಿಕಿತ್ಸೆಗೆ ಜಾಸ್ತಿ ಬಳಸುವ ವಾಹನ ಎಎವಿ ಎಂಬ ಪುಟ್ಟ ವೈರಸ್, ಅದರೊಳಗೆ ಹಿಡಿಸುವುದು 4700 ಅಕ್ಷರ. ಬೀರುವನ್ನು ಸೈಕಲ್ ಕ್ಯಾರಿಯರ್ ಮೇಲೆ ಸಾಗಿಸಬೇಕಾದ ಪರಿಸ್ಥಿತಿ. ಹಾಗಾಗಿ ವಿಜ್ಞಾನಿಗಳು ಬೀರುವಿನ ಬಾಗಿಲು, ಎರಡು ಅರೆ ಬಿಚ್ಚಿ ಚಿಕ್ಕದು ಮಾಡಿದರು. ಅದಕ್ಕೆ ಮೈಕ್ರೊಡಿಸ್ಟ್ರೋಫಿನ್ ಎನ್ನುತ್ತಾರೆ, ಮೂಲ ಪ್ರೋಟೀನಿನ ಸುಮಾರು ಮೂರನೇ ಒಂದು ಭಾಗ. ಎಲೆವಿಡಿಸ್ ಎಂಬ ಹೆಸರಿನಲ್ಲಿ ಅದಕ್ಕೆ 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ 32 ಲಕ್ಷ ಡಾಲರ್. 2025ರಲ್ಲಿ ಅದನ್ನು ಪಡೆದ, ನಡೆಯಲು ಆಗದ ಇಬ್ಬರು ಹುಡುಗರು ಲಿವರ್ ಕೆಟ್ಟು ತೀರಿಕೊಂಡರು. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಟಿ4 ಈ ಲೆಕ್ಕದಲ್ಲಿ ಸೈಕಲ್ ಅಲ್ಲ, ಲಾರಿ. ಅದರ ತಲೆ 120 ನ್ಯಾನೊಮೀಟರ್ ಉದ್ದ, 86 ಅಗಲ. ಕೂದಲಿನ ದಪ್ಪದ ಆರೇಳುನೂರರಲ್ಲಿ ಒಂದು ಪಾಲು. ಆದರೂ ಅದರೊಳಗೆ 1 ಲಕ್ಷ 71 ಸಾವಿರ ಅಕ್ಷರಗಳ ಡಿಎನ್‌ಎ ಹಿಡಿಸುತ್ತದೆ, ಎಎವಿಗಿಂತ 36 ಪಟ್ಟು. ಡಿಸ್ಟ್ರೋಫಿನ್‌ನ 11 ಸಾವಿರ ಅಕ್ಷರ ಇಟ್ಟು ಇನ್ನೂ ಬೇಕಾದಷ್ಟು ಜಾಗ ಮಿಗುತ್ತದೆ.

ಅದನ್ನು ಕಟ್ಟುವ ರೀತಿ ಕೇಳಿ, ನನಗೆ ಇದು ಎಷ್ಟು ಸಲ ಓದಿದರೂ ಖುಷಿ. ಮೊದಲು ಬ್ಯಾಕ್ಟೀರಿಯಾದಲ್ಲಿ ಫೇಜಿನ ತಲೆಗಳನ್ನು ಬೆಳೆಸಿ ಅವನ್ನಷ್ಟೇ ಬೇರ್ಪಡಿಸುತ್ತಾರೆ. ಬಾಲ ಇಲ್ಲ, ಕಾಲಿಲ್ಲ, ಹಾಗಾಗಿ ಬ್ಯಾಕ್ಟೀರಿಯಾಕ್ಕೂ ಅಂಟಲಾರದು. ಒಳಗಿನ ಹಳೆಯ ಡಿಎನ್‌ಎ ಖಾಲಿ ಮಾಡುತ್ತಾರೆ. ತಲೆಯ ಬುಡದಲ್ಲಿ ಒಂದು ತೂತಿದೆ. ಅಲ್ಲಿಗೆ ಐದು ಪ್ರೋಟೀನ್ ಸೇರಿ ಆಗುವ ಒಂದು ಮೋಟಾರು ಕೂರಿಸುತ್ತಾರೆ. ಟೆಸ್ಟ್ ಟ್ಯೂಬಿನಲ್ಲಿ ಡಿಎನ್‌ಎ ಮತ್ತು ಎಟಿಪಿ ಎಂಬ ಇಂಧನ ಹಾಕಿದರೆ ಆ ಮೋಟಾರು ತಾನೇ ಡಿಎನ್‌ಎ ಎಳೆಯನ್ನು ಒಳಗೆ ಎಳೆದು ತುರುಕುತ್ತದೆ, ವೇಗ ಹೆಚ್ಚೆಂದರೆ ಸೆಕೆಂಡಿಗೆ 2000 ಅಕ್ಷರದವರೆಗೆ ಹೋಗುತ್ತದೆ. ಗೊತ್ತಿರುವ ಜೈವಿಕ ಮೋಟಾರುಗಳಲ್ಲಿ ಇದು ಅತಿ ಬಲವಾದವುಗಳಲ್ಲಿ ಒಂದು.

ಒಳಗೆ ಡಿಎನ್‌ಎ ಆಯಿತು. ಇನ್ನು ಹೊರಗೆ. ತಲೆಯ ಮೇಲ್ಮೈಯಲ್ಲಿ ಸಾಕ್ ಎಂಬ ಸಣ್ಣ ಪ್ರೋಟೀನ್ 870 ಕಡೆ, ಹಾಕ್ ಎಂಬುದು 155 ಕಡೆ ಗುಂಡಿ ಹಾಕಿದ ಹಾಗೆ ಕೂರುತ್ತದೆ. ಆ ಎರಡು ಪ್ರೋಟೀನುಗಳ ತುದಿಗೆ ನಮಗೆ ಬೇಕಾದ ಪ್ರೋಟೀನ್ ಹೊಲಿದರೆ ಅದೂ ತಲೆಗೆ ಅಂಟಿಕೊಂಡು ಬರುತ್ತದೆ. ರಾವ್ ಅವರ ತಂಡ ಹೀಗೆ ಜೀನ್ ಕತ್ತರಿಸುವ ಕ್ಯಾಸ್9 ಪ್ರೋಟೀನ್, ಅದಕ್ಕೆ ದಾರಿ ತೋರಿಸುವ ಆರ್‌ಎನ್‌ಎ, ಹೊಸ ಜೀನ್ ಎಲ್ಲವನ್ನೂ ಒಂದೇ ಕಣದಲ್ಲಿ ಕಟ್ಟಿತು. ಕೊನೆಗೆ ಮೇಲಿಂದ ಎಣ್ಣೆಯಂಥ ಕೊಬ್ಬಿನ ಒಂದು ಪದರ ಬಳಿದರು. ಫೇಜಿನ ತಲೆಗೆ ಋಣ ವಿದ್ಯುದಂಶ, ಆ ಕೊಬ್ಬಿಗೆ ಧನ, ಹಾಗಾಗಿ ತಾನಾಗಿಯೇ ಅಂಟಿಕೊಳ್ಳುತ್ತದೆ. ನಮ್ಮ ಜೀವಕೋಶದ ಪೊರೆಯೂ ಕೊಬ್ಬಿನದೇ ಆದ್ದರಿಂದ ಒಳಗೆ ಸೇರುವುದು ಸುಲಭವಾಯಿತು. ಪ್ಲೇಟಿನಲ್ಲಿದ್ದ ಮಾನವ ಕೋಶಗಳಿಗೆ ಪೂರ್ತಿ ಡಿಸ್ಟ್ರೋಫಿನ್ ಜೀನ್ ತಲುಪಿತು. ನಿಮ್ಮ ತಮ್ಮ ನೋಡಿದ್ದು ಇದನ್ನೇ.

ಈಗ ಕಷ್ಟದ ಭಾಗ.

ಫೇಜಿಗೆ ನಮ್ಮ ಮೈ ಪರಿಚಯವಿಲ್ಲ. ಅದಕ್ಕೇ ಅದು ಅಪಾಯವಿಲ್ಲದ್ದು. ಅದಕ್ಕೇ ಅದು ಔಷಧ ತಲುಪಿಸಲು ಒದ್ದಾಡುತ್ತದೆ. ಎಎವಿ ಮನುಷ್ಯರ ಕೋಶಕ್ಕೇ ಹೊಂದಿಕೊಂಡು ಬೆಳೆದ ವೈರಸ್, ಅದಕ್ಕೆ ಬಾಗಿಲು ಎಲ್ಲಿದೆ, ಒಳಗೆ ಹೋದ ಮೇಲೆ ಯಾವ ಕಡೆ ತಿರುಗಬೇಕು, ಜೀನ್‌ಗಳಿರುವ ನ್ಯೂಕ್ಲಿಯಸ್ ಒಳಗೆ ಹೇಗೆ ನುಗ್ಗಬೇಕು ಎಲ್ಲವೂ ರಕ್ತಗತ. ಫೇಜಿಗೆ ಇದರಲ್ಲಿ ಒಂದೂ ಗೊತ್ತಿಲ್ಲ, ಪ್ರತಿಯೊಂದನ್ನೂ ನಾವು ಕೈಯಾರೆ ಕಲಿಸಬೇಕು.

ಮೊದಲನೆಯ ತಡೆ ರಕ್ತದಲ್ಲೇ. ಫೇಜನ್ನು ರಕ್ತನಾಳಕ್ಕೆ ಬಿಟ್ಟರೆ ಲಿವರ್ ಮತ್ತು ಗುಲ್ಮ (ಸ್ಪ್ಲೀನ್) ಅದನ್ನು ಬೇಗ ಸೋಸಿ ಹಿಡಿದುಬಿಡುತ್ತವೆ. ಅಮೆರಿಕದ ಕಾರ್ಲ್ ಮೆರಿಲ್ 1996ರಲ್ಲಿ ಇದಕ್ಕೆ ಒಂದು ಉಪಾಯ ಮಾಡಿದರು. ಇಲಿಗೆ ಫೇಜ್ ಕೊಟ್ಟು, ಬಹಳ ಹೊತ್ತಿನ ಮೇಲೂ ರಕ್ತದಲ್ಲಿ ಉಳಿದವನ್ನೇ ಆರಿಸಿ ಬೆಳೆಸಿ, ಮತ್ತೆ ಇಲಿಗೆ ಕೊಟ್ಟು, ಮತ್ತೆ ಆರಿಸಿದರು. ನಮ್ಮ ರೈತರು ಗಟ್ಟಿ ತಳಿಯ ಬೀಜ ಆರಿಸಿದ ಹಾಗೆ. ಕೊನೆಗೆ ಉಳಿದ ಫೇಜಿನ ಹೊರಕವಚದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದ್ದರೂ ಸಾಕು, ಗುಲ್ಮದಿಂದ ತಪ್ಪಿಸಿಕೊಳ್ಳುತ್ತಿತ್ತು. ಇದೇ ಮೆರಿಲ್ ಇಪ್ಪತ್ತೈದು ವರ್ಷ ಹಿಂದೆ, 1971ರಲ್ಲೇ, ಗ್ಯಾಲಕ್ಟೋಸ್ ಸಕ್ಕರೆ ಅರಗದ ಒಂದು ಹುಟ್ಟುರೋಗದ ರೋಗಿಯ ಕೋಶಗಳಿಗೆ ಫೇಜ್ ಮೂಲಕ ಬ್ಯಾಕ್ಟೀರಿಯಾದ ಜೀನ್ ತಲುಪಿಸಿದೆವು ಎಂದು ಹೇಳಿದ್ದರು. ಆಗ ಅದರ ಬಗ್ಗೆ ದೊಡ್ಡ ಚರ್ಚೆಯಾಯಿತು, ತುಂಬ ಜನ ಒಪ್ಪಲಿಲ್ಲ. ನೀವು ವಿಡಿಯೋದಲ್ಲಿ ಹೊಸದೆಂದು ನೋಡಿದ ಆಸೆಗೆ ಐವತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ.

ಎರಡನೆಯದು ಪ್ರತಿಕಾಯ. ಮೇಲೆ ಫೈಎಕ್ಸ್174 ಪರೀಕ್ಷೆ ಹೇಳಿದೆನಲ್ಲ, ಅದು ನಡೆಯುವುದೇ ಆರೋಗ್ಯವಂತ ದೇಹ ಫೇಜಿನ ವಿರುದ್ಧ ಜೋರಾಗಿ ಪ್ರತಿಕಾಯ ಮಾಡುವುದರಿಂದ. ಅತ್ತೆಗೆ ಧೈರ್ಯ ಹೇಳಲು ನಾನು ಬಳಸಿದ ಅದೇ ಪರೀಕ್ಷೆ ನಿಮಗೆ ಈ ತೊಡಕನ್ನೂ ತೋರಿಸುತ್ತದೆ. ಎರಡನೇ ಸಲ ಕೊಟ್ಟಾಗ ದೇಹ ಕಾದು ಕುಳಿತಿರುತ್ತದೆ.

ಮೂರನೆಯದು ಜೀವಕೋಶದ ಒಳಗಿನ ದಾರಿ. ಕೋಶ ಫೇಜನ್ನು ಒಳಗೆ ಎಳೆದುಕೊಂಡರೂ ಒಂದು ಚೀಲದಲ್ಲಿ ಸುತ್ತಿಡುತ್ತದೆ, ಆ ಚೀಲ ನಿಧಾನವಾಗಿ ಹುಳಿಯಾಗುತ್ತಾ ಒಳಗಿದ್ದದ್ದನ್ನು ಅರಗಿಸಿಬಿಡುತ್ತದೆ. ಅದರಿಂದ ತಪ್ಪಿಸಿಕೊಂಡು ಹೊರಬಂದವು ಕೆಲವೇ. ಹೊರಬಂದ ಡಿಎನ್‌ಎ ನ್ಯೂಕ್ಲಿಯಸ್ ಒಳಗೆ ಹೋಗಬೇಕು. ಪ್ಲೇಟಿನಲ್ಲಿ ಬೆಳೆಯುವ ಕೋಶ ದಿನಕ್ಕೊಮ್ಮೆ ಒಡೆದು ಎರಡಾಗುತ್ತದೆ, ಆಗ ನ್ಯೂಕ್ಲಿಯಸ್ಸಿನ ಗೋಡೆ ತಾತ್ಕಾಲಿಕವಾಗಿ ಬಿಚ್ಚಿಕೊಳ್ಳುವುದರಿಂದ ಡಿಎನ್‌ಎ ಸುಲಭವಾಗಿ ಒಳಸೇರುತ್ತದೆ. ನಿಮ್ಮ ಮಗನ ಸ್ನಾಯುವಿನ ಎಳೆಗಳು ಹಾಗೆ ಒಡೆಯುವುದಿಲ್ಲ. ಪ್ಲೇಟಿನಲ್ಲಿ ಗೆದ್ದ ವಿಷಯ ಸ್ನಾಯುವಿನಲ್ಲಿ ಸೋಲಲು ಇದೊಂದೇ ಕಾರಣ ಸಾಕು.

ಕೊನೆಗೆ ಲೆಕ್ಕ. ಡುಶೆನ್‌ನಲ್ಲಿ ತೊಡೆ, ಬೆನ್ನು, ಎದೆಗೂಡು, ಹೃದಯ ಎಲ್ಲಾ ಸ್ನಾಯುಗಳಿಗೂ ಜೀನ್ ಹೋಗಬೇಕು. ಎಲೆವಿಡಿಸ್‌ನ ಡೋಸ್ ಎಷ್ಟು ಗೊತ್ತಾ? ಮಗುವಿನ ತೂಕದ ಒಂದೊಂದು ಕಿಲೋಗೆ 133 ಲಕ್ಷ ಕೋಟಿ ವೈರಸ್ ಕಣ. ಅಷ್ಟು ಕೊಟ್ಟೇ ಲಿವರ್ ತೊಂದರೆ ಬಂದದ್ದು. ಎಎವಿಗಿಂತ ಎಷ್ಟೋ ದೊಡ್ಡದಾದ ಟಿ4 ಕಣವನ್ನು ಆ ಸಂಖ್ಯೆಯಲ್ಲಿ ಕೊಡಲು ಆಗುತ್ತದಾ, ಕಡಿಮೆ ಕೊಟ್ಟರೆ ಸಾಕಾಗುತ್ತದಾ ಎಂಬುದನ್ನು ಮೊದಲು ಇಲಿಯಲ್ಲಿ, ಆಮೇಲೆ ದೊಡ್ಡ ಪ್ರಾಣಿಯಲ್ಲಿ ನೋಡಬೇಕು. ಜೊತೆಗೆ ಫೇಜ್ ಬೆಳೆಯುವುದು ಇ. ಕೋಲೈ ಒಳಗೆ, ಆ ಬ್ಯಾಕ್ಟೀರಿಯಾದ ಹೊರಪದರದಿಂದ ಬರುವ ಎಂಡೋಟಾಕ್ಸಿನ್ ಎಂಬ ವಿಷ ಒಂದಿಷ್ಟು ಉಳಿದರೂ ಜ್ವರ, ರಕ್ತದೊತ್ತಡ ಕುಸಿತ. ಅದನ್ನು ತೊಳೆದು ತೆಗೆಯುವುದೇ ಒಂದು ದೊಡ್ಡ ಕೆಲಸ. ಮುಂಗಡ ಕೇಳುವವರನ್ನು ಈ ಒಂದೇ ಪ್ರಶ್ನೆ ಕೇಳಿ ನೋಡಿ, ಎಂಡೋಟಾಕ್ಸಿನ್ ರಿಪೋರ್ಟ್ ಕೊಡಿ ಅಂತ.

ಹೀಗೆಂದು ನಾನು ಈ ದಾರಿಯನ್ನು ಕೈಬಿಟ್ಟಿಲ್ಲ. ದಾರಿ ತಿಳಿಯದ ಫೇಜಿಗೆ ವಿಳಾಸ ಕೊಡುವುದು ಸಾಧ್ಯ ಎಂದು ಹಲವರು ತೋರಿಸಿದ್ದಾರೆ. ಎಂ13 ಎಂಬ ಇನ್ನೊಂದು ಫೇಜ್ ಇದೆ. ಟಿ4 ಹಾಗೆ ತಲೆ ಕಾಲು ಇಲ್ಲ, ನೂಲಿನ ಎಳೆ ಥರ, ಸುಮಾರು 900 ನ್ಯಾನೊಮೀಟರ್ ಉದ್ದ, ಆರೇಳು ನ್ಯಾನೊಮೀಟರ್ ದಪ್ಪ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದೂ ಇಲ್ಲ, ಒಳಗೆ ತಯಾರಾಗಿ ಮೆಲ್ಲಗೆ ಹೊರಗೆ ಜಾರುತ್ತಿರುತ್ತದೆ. ರಾತ್ರಿ ಬೆಳೆಯಲು ಇಟ್ಟರೆ ಬೆಳಿಗ್ಗೆ ಒಂದು ಮಿಲಿಲೀಟರಿನಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು. ಟ್ಯೂಬನ್ನು ವೇಗವಾಗಿ ತಿರುಗಿಸಿ ಬ್ಯಾಕ್ಟೀರಿಯಾವನ್ನು ತಳಕ್ಕೆ ಕೂರಿಸಿದ ಮೇಲೆ ಮೇಲಿನ ತಿಳಿ ದ್ರವ ನೀರಿನ ಹಾಗೆಯೇ ಇರುತ್ತದೆ, ಏನೂ ಇದೆ ಎಂದು ಅನ್ನಿಸುವುದಿಲ್ಲ. ಅದಕ್ಕೆ ಉಪ್ಪು ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸಿ ಐಸ್ ಮೇಲೆ ಇಡಿ. ನೋಡ್ತಾ ನೋಡ್ತಾ ಟ್ಯೂಬಿನೊಳಗೆ ಮಂಜು ಕವಿದ ಹಾಗೆ ಮಬ್ಬಾಗುತ್ತದೆ. ಆ ಮಬ್ಬು ಪೂರ್ತಿ ಫೇಜ್. ನನ್ನ ವಿದ್ಯಾರ್ಥಿಗಳು ಮೊದಲ ಸಲ ಇದನ್ನು ನೋಡಿದಾಗ ಮಾತು ನಿಲ್ಲಿಸುತ್ತಾರೆ. ಔಷಧ ಸಾಗಿಸುವ ಕಣ ಇಷ್ಟು ಕಡಿಮೆ ಖರ್ಚಿನಲ್ಲಿ, ಒಂದು ಬಕೆಟ್ ಸಾರಿನಲ್ಲಿ ಬೆಳೆಯುತ್ತದೆ ಎಂಬುದು ನಮ್ಮಂಥ ದೇಶಕ್ಕೆ ಸಣ್ಣ ಮಾತಲ್ಲ.

ಈ ಎಂ13ನ ಮೈಮೇಲೆ ಒಂದೇ ಪ್ರೋಟೀನಿನ ಸುಮಾರು 2700 ಪ್ರತಿಗಳು ಮೀನಿನ ಹುರುಪೆಯಂತೆ ಜೋಡಿಸಿಕೊಂಡಿವೆ, ತುದಿಯಲ್ಲಿ ಬೇರೊಂದು ಪ್ರೋಟೀನಿನ ಐದು ಪ್ರತಿ. 1985ರಲ್ಲಿ ಜಾರ್ಜ್ ಸ್ಮಿತ್ ಆ ತುದಿಯ ಪ್ರೋಟೀನಿಗೆ ಹೊರಗಿನ ತುಣುಕು ಅಂಟಿಸಬಹುದು ಎಂದು ತೋರಿಸಿದರು, ಗ್ರೆಗ್ ವಿಂಟರ್ ಅದರಿಂದ ಪ್ರತಿಕಾಯದ ಔಷಧ ಹುಡುಕುವ ದಾರಿ ಮಾಡಿದರು. ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ತುದಿ ವಿಳಾಸಕ್ಕೆ, ಮೈ ಸರಕಿಗೆ. ಟೆಲ್ ಅವೀವ್‌ನ ಇತೈ ಬೆನ್ಹಾರ್ ತಂಡ 2006-07ರಲ್ಲಿ ಇದನ್ನೇ ಮಾಡಿತು. ಒಂದೊಂದು ಫೇಜಿನ ಮೈಗೆ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್‌ನ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳನ್ನು ಕಳಚಿಕೊಳ್ಳುವ ಹಾಗೆ ಕಟ್ಟಿದರು, ತುದಿಗೆ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಗುರುತಿಸುವ ಪ್ರತಿಕಾಯ ಸಿಕ್ಕಿಸಿದರು. ಬರೀ ಔಷಧಕ್ಕೆ ಹೋಲಿಸಿದರೆ ಸುಮಾರು 20,000 ಪಟ್ಟು ಪರಿಣಾಮ ಸಿಕ್ಕಿತು, ಅದೂ ಟ್ಯೂಬಿನಲ್ಲಿ. ಕ್ಲೋರಾಂಫೆನಿಕಾಲ್ ಹಳೆಯ ಔಷಧ, ಮೂಳೆಮಜ್ಜೆಗೆ ಹೊಡೆತ ಕೊಡುತ್ತದೆ ಎಂದು ವೈದ್ಯರು ಹೆದರಿ ಬದಿಗಿಟ್ಟದ್ದು. ಇಡೀ ಮೈಗೆ ಹರಡದೆ ಬೇಕಾದ ಕಡೆ ಮಾತ್ರ ಬಿಚ್ಚಿಕೊಂಡರೆ ಅಂಥ ಔಷಧಗಳೂ ಮತ್ತೆ ಬಳಕೆಗೆ ಬರಬಹುದು. ಅದೇ ವರ್ಷ, 2006ರಲ್ಲಿ, ಅಮೀನ್ ಹಜೀಟು, ರೆನಾಟಾ ಪಾಸ್ಕ್ವಲಿನಿ, ವಾದಿ ಅರಪ್ ಅವರು ನೂಲಿನಂಥ ಫೇಜನ್ನೂ ಎಎವಿಯ ಎರಡು ತುದಿಗಳನ್ನೂ ಸೇರಿಸಿ ಒಂದು ಕಸಿ ಮಾಡಿದರು. ಗೆಡ್ಡೆಯ ರಕ್ತನಾಳಕ್ಕೆ ಅಂಟುವ ತುಣುಕು ತುದಿಯಲ್ಲಿ. ಇಲಿಯ ರಕ್ತಕ್ಕೆ ಬಿಟ್ಟರೆ ಜೀನ್ ಗೆಡ್ಡೆಯಲ್ಲಿ ಕೆಲಸ ಮಾಡಿತು. ಆಮೇಲೆ ತಾವಾಗಿಯೇ ಕ್ಯಾನ್ಸರ್ ಬಂದ ಸಾಕುನಾಯಿಗಳಲ್ಲೂ ಪರೀಕ್ಷೆ ಮಾಡಿದರು. ಗೆಡ್ಡೆಗೆ ಒಂದು ವಿಳಾಸವಿದೆ. ಸ್ನಾಯುವಿಗೂ ಅಷ್ಟೇ ನಿಖರವಾದ ವಿಳಾಸ ಬೇಕು.

ಫೇಜಿನ ಮೂಲಕ ಜೀನ್ ತಲುಪಿಸುವುದು ಅದರ ಸ್ವಂತ ಊರಿನಲ್ಲಿ, ಅಂದರೆ ಬ್ಯಾಕ್ಟೀರಿಯಾದ ಒಳಗೆ, ಬಹಳ ಮುಂದೆ ಹೋಗಿದೆ. ಅಲ್ಲಿ ಬಾಗಿಲು, ದಾರಿ ಕಲಿಸಬೇಕಾಗಿಲ್ಲ. 2024ರ ಜುಲೈನಲ್ಲಿ ಪ್ಯಾರಿಸ್ಸಿನ ಎಲಿಗೊ ಬಯೋಸೈನ್ಸ್‌ನವರು ಫೇಜಿನಿಂದ ಮಾಡಿದ ಕಣದಲ್ಲಿ ಡಿಎನ್‌ಎಯ ಒಂದಕ್ಷರ ತಿದ್ದುವ ಉಪಕರಣ ಇಟ್ಟು ಇಲಿಗೆ ಕೊಟ್ಟರು. ಇಲಿಯ ಕರುಳಿನಲ್ಲಿದ್ದ ಗುರಿಯ ಇ. ಕೋಲೈಗಳಲ್ಲಿ ಸುಮಾರು 93% ತಿದ್ದುಪಡಿಯಾದವು. ಒಂದೇ ಡೋಸ್. ಬ್ಯಾಕ್ಟೀರಿಯಾ ಸಾಯಲಿಲ್ಲ, ತಿದ್ದಿದ್ದು 42 ದಿನ ಕಳೆದರೂ ಹಾಗೆಯೇ ಇತ್ತು. ಆ್ಯಂಟಿಬಯೋಟಿಕ್‌ಗೆ ಬಗ್ಗದಂತೆ ಮಾಡುವ ಜೀನನ್ನು, ಬ್ಯಾಕ್ಟೀರಿಯಾವನ್ನು ಕೊಲ್ಲದೇ, ಕೆಲಸ ಮಾಡದ ಹಾಗೆ ಮಾಡುವುದು ಇದರಿಂದ ಆಗುತ್ತದೆ. ಡೆನ್ಮಾರ್ಕ್‌ನ ಸ್ನಿಪರ್ ಬಯೋಮ್, ಅಮೆರಿಕದ ಲೋಕಸ್ ಬಯೋಸೈನ್ಸಸ್ ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಸುವ ಉಪಕರಣ ತುಂಬಿದ ಫೇಜ್‌ಗಳನ್ನು ಆಗಲೇ ಮನುಷ್ಯರ ಮೇಲಿನ ಪರೀಕ್ಷೆಗೆ ತಂದಿದ್ದಾರೆ.

ಒಂದು ಮಗುವಿನ ಕತೆ ಹೇಳಲೇಬೇಕು. ಲಂಡನ್ನಿನಲ್ಲಿ 15 ವರ್ಷದ ಹುಡುಗಿ, ಎರಡೂ ಶ್ವಾಸಕೋಶ ಕಸಿಯಾಗಿತ್ತು, ಕ್ಷಯದ ಸಂಬಂಧಿ ಬ್ಯಾಕ್ಟೀರಿಯಾ ಒಂದು ಮೈಯೆಲ್ಲಾ ಹರಡಿ ಯಾವ ಔಷಧಕ್ಕೂ ಬಗ್ಗಲಿಲ್ಲ. ಪಿಟ್ಸ್‌ಬರ್ಗ್‌ನ ಗ್ರಹಾಂ ಹ್ಯಾಟ್‌ಫುಲ್ ತಮ್ಮ ಸಂಗ್ರಹದಿಂದ ಮೂರು ಫೇಜ್ ಆರಿಸಿದರು. ಅದರಲ್ಲಿ ಮಡ್ಡಿ ಎಂಬುದು ದಕ್ಷಿಣ ಆಫ್ರಿಕದಲ್ಲಿ ಒಂದು ಕೊಳೆತ ಬದನೆಕಾಯಿಯ ತಳದಲ್ಲಿ ಸಿಕ್ಕಿದ್ದು. ಉಳಿದೆರಡು ಬ್ಯಾಕ್ಟೀರಿಯಾದ ಒಳಗೆ ಹೋಗಿ ಸುಮ್ನೆ ಮಲಗಿಬಿಡುವ ಜಾತಿಯವು, ಆ ಮಲಗಿಸುವ ಜೀನನ್ನು ತೆಗೆದುಹಾಕಿ ಕೊಲ್ಲುವ ಹಾಗೆ ಮಾಡಿದರು. ರಕ್ತನಾಳದ ಮೂಲಕ ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ ಕೊಟ್ಟರು. ಎದೆಯ ಗಾಯ ಮುಚ್ಚಿತು, ಚರ್ಮದ ಗಂಟುಗಳು ಇಳಿದವು, ಲಿವರ್ ಸುಧಾರಿಸಿತು. 2019ರಲ್ಲಿ ಇದು ಪ್ರಕಟವಾಯಿತು. ಜೀನ್ ತಿದ್ದಿದ ಫೇಜನ್ನು ಮನುಷ್ಯರಿಗೆ ಚಿಕಿತ್ಸೆಯಾಗಿ ಕೊಟ್ಟದ್ದು ಅದೇ ಮೊದಲು.

ನಮ್ಮ ಊರಿನ ನಂಟೂ ಇದೆ. 1896ರಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಎಂಬುವರು ಗಂಗಾ, ಯಮುನಾ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಬರೆದಿದ್ದರು. ಅದು ಫೇಜ್ ಇರಬಹುದು ಎಂದು ಆಮೇಲಿನವರು ಊಹಿಸಿದರು. ಆ ಗಂಗೆಯ ಹೆಸರನ್ನೇ ಇಟ್ಟುಕೊಂಡು ಬೆಂಗಳೂರಿನಲ್ಲಿ ಗಂಗಾಜೆನ್ ಎಂಬ ಕಂಪನಿ ಶುರುವಾಯಿತು. ಒಂದು ಫೇಜಿನ ಬಾಲದಲ್ಲಿರುವ, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಪ್ರೋಟೀನಿನಿಂದ ಅವರು ಪಿ128 ಎಂಬ ಔಷಧ ಕಟ್ಟಿದ್ದಾರೆ, ಸ್ಟೆಫೈಲೊಕಾಕಸ್‌ಗೆ. ಇನ್ನು ಜಾರ್ಜಿಯಾ ದೇಶದ ಟ್ಬಿಲಿಸಿಯ ಎಲಿಯಾವಾ ಸಂಸ್ಥೆ 1923ರಿಂದ ಫೇಜ್ ಕೆಲಸ ಮಾಡುತ್ತಿದೆ. ಇವೆಲ್ಲ ನಂಬುವಂಥ ಕೆಲಸಗಳು. ಗಮನಿಸಿ, ಎಲ್ಲವೂ ಬ್ಯಾಕ್ಟೀರಿಯಾದ ಸೋಂಕಿಗೆ. ನಿಮ್ಮ ಮಗನ ತೊಂದರೆ ಸೋಂಕಲ್ಲ.

"ಯಾವಾಗ ಸಿಗಬಹುದು" ಎಂದಿರಿ. ಟಿ4 ಮೂಲಕ ಡಿಸ್ಟ್ರೋಫಿನ್ ಬರುವ ವರ್ಷ ಇಂಥದ್ದು ಎಂದು ಹೇಳಿದರೆ ನಾನೂ ಆ ಮುಂಗಡ ಕೇಳುವವರ ಸಾಲಿಗೆ ಸೇರುತ್ತೇನೆ. ಅದನ್ನು ಕಾಯುತ್ತಾ ಕೂರಬೇಡಿ. ಅವನ ಈಗಿನ ವರ್ಷಗಳು ಬೆಲೆಬಾಳುವಂಥವು. ಸ್ಟಿರಾಯ್ಡ್ ಮಾತ್ರೆ ವೈದ್ಯರು ಹೇಳಿದ ಲೆಕ್ಕದಲ್ಲೇ ನಡೆಯಲಿ, ನೀವಾಗಿಯೇ ನಿಲ್ಲಿಸಬೇಡಿ. ಕಾಲಿನ ಹಿಮ್ಮಡಿಯ ಸ್ನಾಯುರಜ್ಜು ಬಿಗಿಯಾಗದಂತೆ ದಿನವೂ ಎಳೆಯುವ ವ್ಯಾಯಾಮ ಬಿಡಬೇಡಿ. ವರ್ಷಕ್ಕೊಮ್ಮೆ ಹೃದಯದ ಎಕೋ, ಅವನು ಚುರುಕಾಗಿ ಓಡಾಡುತ್ತಿದ್ದರೂ ಸರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗಕ್ಕೆಂದೇ ತಜ್ಞರಿದ್ದಾರೆ, ಒಮ್ಮೆ ತೋರಿಸಿ. ಡಿಸ್ಟ್ರೋಫಿ ಅನಿಹಿಲೇಷನ್ ರಿಸರ್ಚ್ ಟ್ರಸ್ಟ್ ಕೂಡ ಬೆಂಗಳೂರಿನದೇ, ಡುಶೆನ್‌ಗೆ ಎಕ್ಸಾನ್ ಬಿಟ್ಟು ಓದಿಸುವ ಔಷಧದ ಮೇಲೆ, ಅಂದರೆ ಜೀನಿನ ಒಂದು ತುಂಡನ್ನು ಕೋಶ ಹಾರಿಸಿ ಉಳಿದದ್ದರಿಂದ ಪ್ರೋಟೀನ್ ತಯಾರಿಸುವ ಹಾಗೆ ಮಾಡುವ ಔಷಧದ ಮೇಲೆ, ಕೆಲಸ ಮಾಡುತ್ತಿದೆ.

ನೀವು ಕೇಳದ ಒಂದು ಮಾತು ಹೇಳುತ್ತೇನೆ. ಈ ಜೀನ್ ತಾಯಿಯ ಕಡೆಯಿಂದ ಬರುತ್ತದೆ ಎಂದು ಯಾರಾದರೂ ನಿಮ್ಮನ್ನು ನೋಯಿಸಿದ್ದರೆ, ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ಆ ಬದಲಾವಣೆ ಹೊಸದಾಗಿಯೇ ಹುಟ್ಟುತ್ತದೆ, ತಾಯಿಯಲ್ಲಿ ಇರುವುದೇ ಇಲ್ಲ. ತಾಯಿಯಿಂದ ಬಂದರೂ ಅದು ಯಾರೂ ಮಾಡಿದ್ದಲ್ಲ. ನಿಮ್ಮ ಪರೀಕ್ಷೆ ಮಾಡಿಸಿಕೊಳ್ಳುವುದು ಮುಂದಿನ ಮಗುವಿನ ವಿಚಾರಕ್ಕೆ, ನಿಮ್ಮ ತಂಗಿಯರಿಗೆ ತಿಳಿಸುವುದಕ್ಕೆ, ಮತ್ತೆ ನಿಮ್ಮ ಆರೋಗ್ಯಕ್ಕೂ, ಏಕೆಂದರೆ ಈ ಜೀನ್ ಹೊತ್ತ ತಾಯಂದಿರು ತಮ್ಮ ಹೃದಯವನ್ನೂ ಆಗಾಗ ತೋರಿಸಿಕೊಳ್ಳಬೇಕು.

ಮಗನ ಜೆನೆಟಿಕ್ ರಿಪೋರ್ಟ್ ತೆಗೆದು ನೋಡಿ. ಹೆಚ್ಚಿನ ಮಕ್ಕಳ ರಿಪೋರ್ಟಿನಲ್ಲಿ ಯಾವ ನಂಬರಿನ ಎಕ್ಸಾನ್‌ಗಳು ಇಲ್ಲ ಎಂದು ಬರೆದಿರುತ್ತದೆ, ಉದಾಹರಣೆಗೆ 48ರಿಂದ 50. ಎಕ್ಸಾನ್ 51 ಬಿಟ್ಟು ಓದಿಸುವ ಔಷಧ ಡುಶೆನ್ ಮಕ್ಕಳಲ್ಲಿ ಸುಮಾರು 13% ಮಂದಿಗೆ ಹೊಂದುತ್ತದೆ, 53ಕ್ಕೆ ಮತ್ತು 45ಕ್ಕೆ ಬೇರೆ ಇವೆ. ರಿಪೋರ್ಟಿನಲ್ಲಿ ಆ ನಂಬರ್ ಇಲ್ಲದಿದ್ದರೆ ಪರೀಕ್ಷೆ ಮಾಡಿದ ಲ್ಯಾಬಿಗೆ ಹೋಗಿ ಕೇಳಿ, ಕೊಡಬೇಕು. ನಂಬರ್ ಸಿಕ್ಕಿದ ಮೇಲೆ ನನಗೆ ಮತ್ತೆ ಬರೆಯಿರಿ, ಅದು ಯಾವ ಗುಂಪಿಗೆ ಸೇರುತ್ತದೆ, ವೈದ್ಯರ ಹತ್ತಿರ ಏನು ಕೇಳಬೇಕು ಎಂದು ಕೂತು ಹೇಳುತ್ತೇನೆ.